ಬೂದಿ ಮುಚ್ಚಿದ ಕೆಂಡ

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯಿದೆಯ ವಿರುದ್ಧ ನಡೆದ ಪ್ರತಿಭಟನೆಯ ವೇಳೆ ಇಬ್ಬರು ಪೊಲೀಸ್ ಗೋಲಿಬಾರಿಗೆ ಬಲಿಯಾದರು. ನಗರದಲ್ಲಿ ಕರ್ಫ್ಯೂ ಜಾರಿಯಾಯಿತು. ಕ್ರಿಸ್ಮಸ್ಸಿಗೆ ಆರೇ ದಿನಗಳಿದ್ದವು. ಹೊರಗೆ ಹೋಗುವಂತಿಲ್ಲದ ಆ ಸಂಜೆಗಳಲ್ಲೊಮ್ಮೆ, ಎಲ್ಲರ ಬಾಯಲ್ಲಿದ್ದ ಆ ಪದದ ಮೂಲವನ್ನು ನಿಘಂಟಿನಲ್ಲಿ ಹುಡುಕಿದೆ.

ಅದು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಮಾತು. ‘ಕುವ್ರ್’ ಎಂದರೆ ಮುಚ್ಚು, ‘ಫ್ಯೊ’ ಎಂದರೆ ಬೆಂಕಿ. (ನಮ್ಮ ಜೇಬಿನ ಕರ್ಚೀಫೂ ಇದೇ ಕುಲದ್ದು. ಮೊದಲು ಅದು ತಲೆ ಮುಚ್ಚುವ ವಸ್ತ್ರ. ಮೂಗಿಗೆ ಇಳಿದದ್ದು ಆಮೇಲೆ.) ಮಧ್ಯಯುಗದ ಪಟ್ಟಣಗಳಲ್ಲಿ ಮನೆಗಳೆಲ್ಲ ಮರ ಮತ್ತು ಹುಲ್ಲಿನವು. ಒಂದು ಕಿಡಿ ಹಾರಿದರೆ ಬೀದಿಯೇ ಉರಿಯುತ್ತಿತ್ತು. ಆದ್ದರಿಂದ ಸಂಜೆ ಘಂಟೆ ಬಾರಿಸುತ್ತಲೇ ಪ್ರತಿ ಮನೆಯವರೂ ತಮ್ಮ ಒಲೆಯ ಕೆಂಡಕ್ಕೆ ಬೂದಿ ಎಳೆಯುತ್ತಿದ್ದರು, ಇಲ್ಲವೇ ಲೋಹದ ಮುಚ್ಚಳ ಹೊದಿಸುತ್ತಿದ್ದರು. ನನ್ನ ತಾಯಿಯೂ ರಾತ್ರಿ ಹಾಗೆಯೇ ಮಾಡುತ್ತಿದ್ದರು. ಬೆಳಿಗ್ಗೆ ಊದುಕೊಳವೆಯಿಂದ ನಾಲ್ಕು ಬಾರಿ ಊದಿದರೆ ಸಾಕು, ಬೆಂಕಿ ಏಳುತ್ತಿತ್ತು.

ಆ ಸಂಜೆಯ ಘಂಟೆಯ ಹೊತ್ತಿಗೇ ಭಕ್ತರು ಮೂರು ಬಾರಿ ನಮೋ ಮರಿಯ ಪ್ರಾರ್ಥನೆ ಹೇಳುವ ರೂಢಿ ಬೆಳೆಯಿತು; ಹದಿನಾಲ್ಕನೆಯ ಶತಮಾನದಲ್ಲಿ ಪೋಪ್ 22ನೆಯ ಜಾನ್ ಅದಕ್ಕೆ ಮನ್ನಣೆಯಿತ್ತರು. ನಮ್ಮ ಇಗರ್ಜಿಗಳ ಸಂಜೆಯ ಏಂಜೆಲಸ್ ಘಂಟೆ ಅದೇ ಬಳ್ಳಿಯ ಕುಡಿ. ಸಂತ ಪೌಲರು ಎಫೆಸದ ಸಭೆಗೆ ಬರೆಯುವಾಗ ಕೋಪಕ್ಕೂ ಸೂರ್ಯಾಸ್ತವನ್ನೇ ಗಡುವಾಗಿ ಇಟ್ಟಿದ್ದರು.

ಹಿಂದಿನ ಕರ್ಫ್ಯೂ, ನೆರೆಮನೆಯ ಮಾಡು ಸುಡದಿರಲೆಂದು ಒಲೆಗೆ ಇಟ್ಟ ಕಟ್ಟು. ಇಂದಿನದು ಜನರ ಓಡಾಟಕ್ಕೆ ಇಟ್ಟ ಕಟ್ಟು. ಜೀವಗಳು ಅಪಾಯದಲ್ಲಿರುವಾಗ ಅದು ಬೇಡವೆಂದು ನಾನು ಹೇಳಲಾರೆ. ಆದರೆ ಬೂದಿಯು ಕೆಂಡವನ್ನು ಆರಿಸುವುದಿಲ್ಲ, ಬೆಳಗಿನವರೆಗೆ ಕಾಪಾಡುತ್ತದೆ. ಅಡುಗೆಮನೆಯಲ್ಲಿ ಅದು ಜಾಣತನ. ಹಗೆಯ ವಿಷಯದಲ್ಲಿ ಹಾಗಲ್ಲವೆಂಬುದನ್ನು ‘ಬೂದಿ ಮುಚ್ಚಿದ ಕೆಂಡ’ವೆಂಬ ನಮ್ಮ ಮಾತೇ ಬಲ್ಲದು. ಅಂಗಡಿಗಳು ತೆರೆದು ಬಸ್ಸುಗಳು ಓಡಿದೊಡನೆ ಪರಿಸ್ಥಿತಿ ಶಾಂತವಾಯಿತೆಂದು ನಾವು ಹೇಳಿಕೊಂಡೆವು.

ನಾನು ಪ್ರತಿವರ್ಷ ಕುಸ್ವಾರ್ ಒಯ್ಯುತ್ತಿದ್ದ ಒಂದು ಮುಸ್ಲಿಂ ಮನೆಯಿತ್ತು. ಆ ಕ್ರಿಸ್ಮಸ್ಸಿಗೆ ಹೋಗಲಿಲ್ಲ. ಜನ ಏನೆನ್ನುವರೋ ಎಂಬ ಅಳುಕು. ಹೊಸ ವರ್ಷ ಕಳೆದು ಹೋದಾಗ ಕಿಡಿಯೊ ಮೆತ್ತಗಾಗಿದ್ದವು.

“ಈ ಸಲ ತಡವಾಯಿತಲ್ಲ ಫಾದರ್?” ಎಂದರು ಆ ಮನೆಯ ಹಿರಿಯಾಕೆ.

“ಕರ್ಫ್ಯೂ ಇತ್ತಲ್ಲಮ್ಮ” ಎಂದೆ.

“ಅದನ್ನು ಕ್ರಿಸ್ಮಸ್ಸಿಗೆ ಮೊದಲೇ ತೆಗೆದಿದ್ದರಲ್ಲ ಫಾದರ್” ಎಂದು, ತಟ್ಟೆ ತೆಗೆದುಕೊಂಡು ಒಳಗೆ ಹೋದರು.