ಉಳಿದ ತುಣುಕುಗಳನ್ನು ಕೂಡಿಸುವವರು ಯಾರು?



ಐದು ರೊಟ್ಟಿ, ಎರಡು ಮೀನಿನ ಅದ್ಭುತವನ್ನು ನಾಲ್ವರು ಶುಭಸಂದೇಶಕಾರರೂ ಬರೆದಿದ್ದಾರೆ. ಆ ರೊಟ್ಟಿಗಳು ಜವೆಗೋಧಿಯವು ಎಂದು ತಿಳಿಸುವವರು ಸಂತ ಯೊವಾನ್ನರು ಮಾತ್ರ. ಜವೆಗೋಧಿ ಆ ನಾಡಿನಲ್ಲಿ ಬಡವರ ಊಟ, ನಮ್ಮ ಸೀಮೆಯಲ್ಲಿ ರಾಗಿ ಇದ್ದ ಹಾಗೆ. ಜನರೆಲ್ಲ ಹೊಟ್ಟೆತುಂಬ ಉಂಡ ಮೇಲೆ ಉಳಿದ ಚೂರುಗಳನ್ನು ಹಾಳುಮಾಡದೆ ಕೂಡಿಸಬೇಕೆಂದು ಪ್ರಭುವೇ ಅಪ್ಪಣೆ ಕೊಟ್ಟರೆಂಬುದನ್ನೂ ಅವರೊಬ್ಬರೇ ಹೇಳುತ್ತಾರೆ. ಐದು ಸಾವಿರ ಗಂಡಸರಿಗೆ ಈಗಷ್ಟೇ ಉಣಿಸಿದ ಪ್ರಭುವಿಗೆ ಚೂರು ರೊಟ್ಟಿಯ ಕೊರತೆಯೇ? ಬೇಕಾದರೆ ಮತ್ತೊಮ್ಮೆ ಕೊಡಬಲ್ಲರು. ಆದರೂ ಶಿಷ್ಯರ ಕೈಗೆ ಬುಟ್ಟಿ ಹಿಡಿಸಿ ಹುಲ್ಲಿನ ಮೇಲೆ ಬಗ್ಗಿಸಿದರು.

ಈ ಪಾಠವನ್ನು ನಾವು ಎಷ್ಟೋ ಭಾನುವಾರ ಕೇಳಿದ್ದೇವೆ. ಕೇಳಿಯೂ ಕಳೆದ ವರ್ಷ ಮಾಡಿದ್ದೇನು?

ಹಾಸ್ಟೆಲ್ಲಿನ ಮಾಳಿಗೆಯ ಮೇಲಿದ್ದ ಇಪ್ಪತ್ತು ಹಳೆಯ ಸೋಲಾರ್ ಪ್ಲೇಟುಗಳನ್ನು ಇಳಿಸಿ ಹೊಸವನ್ನು ಹಾಕಿಸಿದೆವು. ಗುಜರಿಯವರು ಬಂದರು, ಹತ್ತು ನಿಮಿಷದಲ್ಲಿ ಬೆಲೆ ಮಾತಾಯಿತು. ಅವರಿಗೆ ಬೇಕಿದ್ದದ್ದು ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟು ಮತ್ತು ಹಿಂದಿನ ತಾಮ್ರದ ವೈರು. ಮೊದಲ ದಿನ ಆರು ಪ್ಲೇಟುಗಳ ಚೌಕಟ್ಟು ಕಿತ್ತುಕೊಂಡು, ಗಾಜನ್ನು ಸ್ಮಶಾನದ ಹಿಂದಿನ ಹಳ್ಳಕ್ಕೆ ಎಸೆದು ಹೋದರು. ನಾವು ಕಂಡೂ ಸುಮ್ಮನಿದ್ದೆವು. ಮಳೆ ಬಂದು ಹೋದ ಮೇಲೆ ಕುರಿ ಕಾಯುವ ಹುಡುಗನೊಬ್ಬನ ಅಂಗಾಲಿಗೆ ಆ ಗಾಜು ಹೊಕ್ಕಿತು. ಅವನು ನಮ್ಮ ಧರ್ಮಕೇಂದ್ರದವನಲ್ಲ, ಕ್ರೈಸ್ತನೂ ಅಲ್ಲ. ಅವನ ಅಜ್ಜಿ ದೇವಾಲಯದ ಬಾಗಿಲಿಗೆ ಬಂದು, ಈ ಗಾಜು ಯಾರದು ಎಂದು ಕೇಳಿದರು. ಮೊದಲ ಪೂಜೆಯ ತೆಲುಗಿನವರಾಗಲಿ, ಎರಡನೆಯ ಪೂಜೆಯ ಕನ್ನಡದವರಾಗಲಿ ಉತ್ತರ ಕೊಡಲಿಲ್ಲ. ಗುಜರಿಯವರನ್ನು ದೂರುವುದು ಸುಲಭ. ದುಡ್ಡು ಎಣಿಸಿಕೊಂಡವರು ನಾವೇ ಅಲ್ಲವೇ?

ಈ ಪ್ಲೇಟಿನಲ್ಲಿ ಏನಿದೆ ಎಂದು ಆಮೇಲೆ ತಿಳಿದುಕೊಂಡೆವು. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಗಾಜು. ಹತ್ತರಲ್ಲಿ ಒಂದು ಪಾಲಿನಷ್ಟು ಅಲ್ಯೂಮಿನಿಯಂ. ಮಿಕ್ಕದ್ದು ಪ್ಲಾಸ್ಟಿಕ್, ತೆಳುವಾದ ಸಿಲಿಕಾನ್ ಬಿಲ್ಲೆಗಳು, ತಾಮ್ರ, ಬಿಲ್ಲೆಗಳ ಮೇಲೆ ಎಳೆದಂತೆ ಕಾಣುವ ಬೆಳ್ಳಿಯ ಸಣ್ಣ ಗೆರೆಗಳು. ಬೆಸುಗೆಯಲ್ಲಿ ಸೀಸವೂ ಇರುತ್ತದೆ. ಒಡೆದು ಹಳ್ಳದಲ್ಲಿ ಬಿದ್ದರೆ ಅದು ಮಣ್ಣಿಗೂ ನೀರಿಗೂ ಇಳಿಯಬಹುದು. ಸುಟ್ಟರೆ ಹಿಂಬದಿಯ ಪ್ಲಾಸ್ಟಿಕ್ಕಿನಿಂದ ವಿಷದ ಹೊಗೆ. ಗಾಜನ್ನೂ ಬಿಲ್ಲೆಯನ್ನೂ ಬಿಡಿಸಲಾಗದಷ್ಟು ಬಿಗಿಯಾಗಿ ಅಂಟಿಸಿರುತ್ತಾರೆ. ಇಪ್ಪತ್ತೈದು ವರ್ಷ ಬಿಸಿಲು ಮಳೆ ತಡೆಯಲಿ ಎಂದು ಮಾಡಿದ ಆ ಗಟ್ಟಿತನವೇ ಕೊನೆಗೆ ಬೇರ್ಪಡಿಸುವವರಿಗೆ ತೊಡಕು.

ನಮ್ಮ ಹಿರಿಯರ ಹೊಲದಲ್ಲಿ ಕಸ ಎಂಬುದೇ ಇರಲಿಲ್ಲ. ರಾಗಿ ಮನೆಗೆ, ಹುಲ್ಲು ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ಮತ್ತೆ ಹೊಲಕ್ಕೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಎತ್ತಿ ತೋರಿಸಿದ್ದೂ ಇದನ್ನೇ. ನಿಸರ್ಗದಲ್ಲಿ ಒಂದರ ಉಳಿಕೆ ಇನ್ನೊಂದಕ್ಕೆ ಆಹಾರವಾಗುತ್ತದೆ. ನಮ್ಮ ಕಾರ್ಖಾನೆಗಳ ವ್ಯವಸ್ಥೆ ಮಾತ್ರ ಆ ಸುತ್ತನ್ನು ಇನ್ನೂ ಕಲಿತಿಲ್ಲ ಎಂದರು. ಬಳಸಿ ಬಿಸಾಡುವ ಚಾಳಿ ವಸ್ತುಗಳಿಂದ ಮನುಷ್ಯರ ತನಕ ಹೋಗುತ್ತದೆ ಎಂದೂ ಎಚ್ಚರಿಸಿದರು. 2008ರಲ್ಲಿ ವ್ಯಾಟಿಕನ್ನಿನ ಆರನೆಯ ಪೌಲರ ಸಭಾಂಗಣದ ಮೇಲೆ ಸುಮಾರು 2,400 ಪ್ಲೇಟುಗಳನ್ನು ಹೊದಿಸಿದ್ದಾರೆ. ಅವಕ್ಕೂ ವಯಸ್ಸಾಗುತ್ತದೆ.

ದೂರದ ಮಾತೇಕೆ? ಮಡಕಶಿರದ ಗಡಿ ದಾಟಿದರೆ ಪಾವಗಡ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಬಾಡಿಗೆಗೆ 28 ವರ್ಷ ಜಮೀನು ಕೊಟ್ಟಿದ್ದಾರೆ. ಬರದ ನಾಡಿಗೆ ಅದು ವರವೇ, ಅಲ್ಲಗಳೆಯುವುದಿಲ್ಲ. ಜಮೀನೇ ಇಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಹೊಲದ ಕೂಲಿಯೂ ಹೋಯಿತು ಎಂಬುದನ್ನು ಮಾತ್ರ ಮರೆಯಬಾರದು. 2018, 2019ರಲ್ಲಿ ಹಾಕಿದ ಆ ಲಕ್ಷಗಟ್ಟಲೆ ಪ್ಲೇಟುಗಳು 2045ರ ಹೊತ್ತಿಗೆ ಮುದಿಯಾಗುತ್ತವೆ. ಆಗ ಅವನ್ನು ಯಾವ ಹಳ್ಳಕ್ಕೆ ಎಸೆಯುತ್ತಾರೆ, ಯಾರ ಮಗ ಅಲ್ಲಿ ಕುರಿ ಕಾಯುತ್ತಿರುತ್ತಾನೆ?

ಕಾನೂನು ಬಂದಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದೊಳಗೆ ಸೋಲಾರ್ ಪ್ಲೇಟೂ ಸೇರಿದೆ. ಇಂಥ ತ್ಯಾಜ್ಯವನ್ನು 2034-35ರ ತನಕ ಕೂಡಿಟ್ಟು ಲೆಕ್ಕ ಕೊಡುವ ಹೊಣೆ ತಯಾರಕರದು. ಕಾನೂನು ನಮ್ಮ ಹಿತ್ತಿಲಿನ ತನಕ ನಡೆದು ಬರುವುದಕ್ಕೆ ಸ್ವಲ್ಪ ಕಾಲ ಬೇಕು.

ಅಡುಗೆಮನೆಯ ಹಿಂದೆ ಒರಗಿಸಿಟ್ಟ ಹದಿನಾಲ್ಕು ಪ್ಲೇಟುಗಳು ಉಳಿದಿದ್ದವು. ಅವನ್ನು ಕೊಡುವುದಿಲ್ಲವೆಂದು ಗುಜರಿಯವರ ಮುಂಗಡ ಹಿಂತಿರುಗಿಸಿದೆವು. ನಮ್ಮವರೇ ಆದ ಎಲೆಕ್ಟ್ರಿಷಿಯನ್ ಒಬ್ಬರು ಮಧ್ಯಾಹ್ನದ ಬಿಸಿಲಿಗೆ ಒಂದೊಂದನ್ನೂ ಹಿಡಿದು ಮೀಟರಿನಲ್ಲಿ ವೋಲ್ಟ್, ಆಂಪಿಯರ್ ಅಳೆದರು. ಒಂಬತ್ತು ಚೆನ್ನಾಗಿಯೇ ಇದ್ದವು. ಹೊಸತರಷ್ಟು ಕರೆಂಟು ಕೊಡದಿದ್ದರೂ ದೀಪಕ್ಕೆ, ಸಣ್ಣ ಪಂಪಿಗೆ ಧಾರಾಳ. ಎರಡರಲ್ಲಿ ಹಿಂದಿನ ಡಬ್ಬಿಯೊಳಗಿನ ಡಯೋಡ್ ಮಾತ್ರ ಸುಟ್ಟಿತ್ತು. ಅಷ್ಟಕ್ಕೇ ನಾವು ಅವನ್ನು ಸತ್ತವು ಎಂದಿದ್ದೆವು. ಮೂರರ ಗಾಜು ಬಿರುಕು ಬಿಟ್ಟು ನೀರು ಹೊಕ್ಕಿತ್ತು. ಅಂಥವನ್ನು ಎಷ್ಟೇ ಆಸೆಯಾದರೂ ಬಳಸಬಾರದು, ಶಾಕ್ ಹೊಡೆಯುತ್ತದೆ.

ಹನ್ನೊಂದು ಪ್ಲೇಟುಗಳು ಯಾರಿಗೆ ಎಂಬ ಪ್ರಶ್ನೆ ಬಂತು. ಪಾಲನಾ ಸಮಿತಿಯ ಸಭೆಯಲ್ಲಿ ಮಾತು ಜೋರಾಯಿತು. ನಮ್ಮ ಧರ್ಮಕೇಂದ್ರದ ದುಡ್ಡಿನವು, ನಮ್ಮ ಕುಟುಂಬಗಳಿಗೇ ಸಿಗಲಿ ಎಂದು ಕೆಲವರು ಹಟ ಹಿಡಿದರು. ಅವರಲ್ಲಿ ಬಡವರೂ ಇದ್ದರು, ಆದ್ದರಿಂದ ಆ ಮಾತನ್ನು ಹಗುರವಾಗಿ ತಳ್ಳಲಾಗದು. ಆದರೆ ಆ ಬೆಟ್ಟದ ಮೇಲೆ ಉಂಡವರ ಊರು, ಕುಲ ಯಾವುದೆಂದು ಯಾರೂ ವಿಚಾರಿಸಿದ ಹಾಗಿಲ್ಲ. ಕೊನೆಗೆ ಆ ಹುಡುಗನ ಕಾಲೊನಿಯ ನೀರಿನ ಟ್ಯಾಂಕಿನ ಬಳಿ ದೀಪಕ್ಕೆ ಎರಡು, ಹಾಸ್ಟೆಲ್ ತೋಟದ ಪಂಪಿಗೆ ನಾಲ್ಕು, ಐದು ನಮ್ಮ ಬಡ ಮನೆಗಳಿಗೆ ಎಂದಾಯಿತು. ಬ್ಯಾಟರಿಯ ಖರ್ಚಿಗೆ ಮುಂದಿನ ಭಾನುವಾರದ ಎರಡನೆಯ ಕಾಣಿಕೆ.

ಹಳ್ಳದ ಗಾಜು ಇನ್ನೂ ಅಲ್ಲೇ ಇದೆ. ಶನಿವಾರ ಬೆಳಿಗ್ಗೆ ಆರೂವರೆಗೆ, ಬಿಸಿಲೇರುವ ಮುಂಚೆ, ಎರಡೂ ಪೂಜೆಯ ಜನ ಸ್ಮಶಾನದ ಗೇಟಿನ ಬಳಿ ಸೇರೋಣ. ದಪ್ಪ ಅಟ್ಟೆಯ ಚಪ್ಪಲಿ, ಕೈಗವಸು, ಗೋಣಿಚೀಲ ತನ್ನಿ. ಮಕ್ಕಳು ಬೇಡ. ಆರಿಸಿದ ಚೂರುಗಳನ್ನು ಬಿರುಕು ಬಿಟ್ಟ ಆ ಮೂರರ ಜೊತೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಇಟ್ಟು, ನೋಂದಾಯಿತ ಮರುಬಳಕೆಯವರಿಗೆ ಒಪ್ಪಿಸುವ ತನಕ ನೆರಳಿನಲ್ಲಿ ಬೀಗ ಹಾಕಿಡುತ್ತೇವೆ. ಹುಡುಗನ ಅಜ್ಜಿಗೂ ಹೇಳಿ ಕಳಿಸಿದ್ದೇವೆ. ಗಾಜು ಎಲ್ಲೆಲ್ಲಿ ಬಿದ್ದಿದೆ ಎಂದು ತೋರಿಸಲು ಅವರು ಬರುತ್ತಾರಂತೆ.