ಎರಡು ಹಡಗು, ಒಂದು ಹೆಸರು

ಮುರಿದುಹೋದ ಎರಡನ್ನು ಕೂಡಿಸಿ ಒಂದು ಮಾಡಿದರೆ ಅದನ್ನು ಏನೆಂದು ಕರೆಯಬೇಕು? ಬ್ರಿಟಿಷ್ ನೌಕಾಪಡೆ ಒಮ್ಮೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು.

ಮೊದಲ ಮಹಾಯುದ್ಧದ ಕಾಲ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯನ್ನು ಕಾಯುತ್ತಿದ್ದ ಹಡಗುಗಳಲ್ಲಿ ನೂಬಿಯನ್, ಜುಲು ಎಂಬ ಎರಡು ಡೆಸ್ಟ್ರಾಯರುಗಳಿದ್ದವು. ಎರಡೂ 1909ರಲ್ಲಿ ನೀರಿಗಿಳಿದವು. ಒಂದೇ ವರ್ಗದವಾದರೂ ಕಟ್ಟಿದ ಕಂಪನಿಗಳು ಬೇರೆ. 1916ರ ಅಕ್ಟೋಬರ್ ಕೊನೆಯ ಒಂದು ರಾತ್ರಿ ಜರ್ಮನರ ಟಾರ್ಪೆಡೊ ತಗುಲಿ ನೂಬಿಯನ್ನಿನ ಮುಂಭಾಗ ಹಾರಿಹೋಯಿತು. ನವೆಂಬರ್ 8ರಂದು ಮೈನ್ ಸಿಡಿದು ಜುಲುವಿನ ಹಿಂಭಾಗ ಹೋಯಿತು. ಎರಡರಲ್ಲೂ ನಾವಿಕರು ಸತ್ತರು. ಉಳಿದ ಭಾಗಗಳನ್ನು ಚಾಥಮ್ ಹಡಗುಕಟ್ಟೆಯಲ್ಲಿ ಜೋಡಿಸಿದರು. ಅಗಲದಲ್ಲಿ 3.5 ಅಂಗುಲ ವ್ಯತ್ಯಾಸವಿತ್ತು, ಹೇಗೋ ಹೊಂದಿಸಿದರು. 1917ರ ಜೂನ್‌ನಲ್ಲಿ ಅದೇ ಜಲಸಂಧಿಯ ಕಾವಲಿಗೆ ಹೊರಟ ಹಡಗಿನ ಹೆಸರು ಜುಬಿಯನ್. ಯುದ್ಧ ಮುಗಿಯುವವರೆಗೂ ದುಡಿದು, 1919ರಲ್ಲಿ ಅದು ಗುಜರಿಗೆ ಹೋಯಿತು.

ಬೇತಾಳ ವಿಕ್ರಮನಿಗೆ ಕೇಳಿದ ಪ್ರಶ್ನೆ ಎಲ್ಲರಿಗೂ ಗೊತ್ತು. ತಲೆ ಒಬ್ಬನದು, ಮುಂಡ ಇನ್ನೊಬ್ಬನದು. ಆ ಹೆಂಗಸಿಗೆ ಗಂಡ ಯಾರು? ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಗಂಡನ ತಲೆಯಿದ್ದವನೇ ಗಂಡ ಎಂದ ರಾಜ. ಆ ನ್ಯಾಯದಂತೆ ಈ ಹಡಗು ಜುಲು ಆಗಬೇಕಿತ್ತು. ಆದರೆ ಹಡಗನ್ನು ಮುಂದಕ್ಕೆ ನೂಕುವ ಪ್ರೊಪೆಲರುಗಳು ಇರುವುದು ಹಿಂಭಾಗದಲ್ಲಲ್ಲವೆ?

ನಮ್ಮ ಸುತ್ತಲೂ ಇಂಥ ಸಂಸಾರಗಳಿವೆ. ಗಂಡ ತೀರಿಕೊಂಡವಳೂ ಹೆಂಡತಿ ತೀರಿಕೊಂಡವನೂ ತಂತಮ್ಮ ಮಕ್ಕಳೊಡನೆ ಒಂದೇ ಮನೆ ಹೂಡುತ್ತಾರೆ. ವರ್ಷಗಟ್ಟಲೆ ಹಾಜರಿ ಕೂಗಿದ ನನಗೆ ಅಂಥ ಮಕ್ಕಳು ಗೊತ್ತು. ಕಂಡವರೆಲ್ಲ ಅವರನ್ನು ಕೇಳುವುದು ಒಂದೇ: “ನೀನು ನಿಜವಾಗಿ ಯಾರ ಮಗಳೇ?” ಬೇತಾಳನ ಪ್ರಶ್ನೆಯೇ ಅದು. ಬೇತಾಳ ಕೇಳಿದ್ದು ರಾಜನನ್ನು. ನಾವು ಕೇಳುವುದು ಎಂಟು ವರ್ಷದ ಮಗುವನ್ನು. ಒಂದು ಹೆಸರು ಹೇಳಿದರೆ ಇನ್ನೊಬ್ಬರಿಗೆ ದ್ರೋಹ ಮಾಡಿದಂತೆಂದು ಆ ಮಗು ತಲೆ ತಗ್ಗಿಸುತ್ತದೆ.

ಜುಬಿಯನ್ ಎಂದು ಹೆಸರಿಟ್ಟವರು ಯಾವ ಭಾಗವನ್ನೂ ಸುಳ್ಳೆನ್ನಲಿಲ್ಲ. ಕಬ್ಬಿಣವನ್ನು ಬೆಸೆಯಬಹುದು, ಸತ್ತ ನಾವಿಕರನ್ನು ಯಾವ ಕಮ್ಮಾರ ತಂದಾನು? ಅವರ ಹಡಗುಗಳ ಹೆಸರಿನ ತುಣುಕಾದರೂ ಉಳಿಯಿತು. ಆ ಮಕ್ಕಳಿಗೂ ಇಷ್ಟು ಸಲ್ಲಬೇಕು: ಹೋದವರನ್ನು ನೆನೆಯುವ ಹಕ್ಕು, ಇರುವವರನ್ನು ಅಪ್ಪ ಅಮ್ಮ ಎಂದು ಕರೆಯುವ ಹಕ್ಕು. ಮೂರೂವರೆ ಅಂಗುಲದ ವ್ಯತ್ಯಾಸ ಮನೆಯವರಿಗೆ ಗೊತ್ತೇ ಇರುತ್ತದೆ. ಹೊರಗಿನವರು ಅಳತೆಪಟ್ಟಿ ಹಿಡಿದು ಹೋಗಬೇಕಾಗಿಲ್ಲ.