ಒಂದು ಗುಲಗಂಜಿ ಹೆಚ್ಚು

ಲೈಡನ್‌ನಲ್ಲಿ ಆರು ತಿಂಗಳು ಇದ್ದಾಗ ನಾನು ಅತಿ ಹೆಚ್ಚು ಸಲ ಹೋದ ಜಾಗ ವಿಶ್ವವಿದ್ಯಾಲಯದ ಗ್ರಂಥಾಲಯ ಎಂದು ನನ್ನ ಮಾರ್ಗದರ್ಶಕರು ನಂಬಿದ್ದಾರೆ. ನಿಜವಾಗಿ ಅದು ನನ್ನ ಕೋಣೆಯಿಂದ ಎರಡು ಬೀದಿ ಆಚೆಗಿದ್ದ ಒಂದು ತೋಕೊ. ನೆದರ್ಲೆಂಡ್ಸ್‌ನಲ್ಲಿ ಇಂಡೋನೇಷ್ಯಾದ ದಿನಸಿ ಮಾರುವ ಸಣ್ಣ ಅಂಗಡಿಗಳಿಗೆ ಹಾಗನ್ನುತ್ತಾರೆ. ಇಂಡೋನೇಷ್ಯಾದ ಭಾಷೆಯಲ್ಲಿ ತೋಕೊ ಎಂದರೆ ಅಂಗಡಿ, ಅಷ್ಟೆ. ನಂಜನಗೂಡಿನಲ್ಲಿ ನಮ್ಮ ಬೀದಿಯ ಶೆಟ್ಟರ ಅಂಗಡಿಯಷ್ಟೇ ಅಗಲ, ಒಳಗೆ ಅಷ್ಟೇ ಮಬ್ಬು, ಮೂಟೆ ಡಬ್ಬಗಳ ನಡುವೆ ಒಬ್ಬರು ಮಾತ್ರ ನುಸುಳಬಹುದಾದ ದಾರಿ.

ಮೊದಲ ದಿನ ಹೋಗಿದ್ದು ಹುಣಿಸೆಹಣ್ಣಿಗೆ. ಪೊಟ್ಟಣದ ಮೇಲೆ 'ಅಸಮ್ ಜಾವಾ' ಎಂದಿತ್ತು, ಜಾವಾದ ಹುಳಿ. ಅರಬ್ಬರು ಇದನ್ನೇ ಹಿಂದ್ ದೇಶದ ಖರ್ಜೂರ ಎಂದರು, ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅದರಿಂದ. ಮರದ ಮೂಲ ನೆಲ ಮಾತ್ರ ಇಂಡಿಯಾವೂ ಅಲ್ಲ, ಜಾವಾವೂ ಅಲ್ಲ, ಆಫ್ರಿಕಾ. ಪಕ್ಕದ ಡಬ್ಬದ ಮೇಲೆ 'ಕೆತುಂಬರ್'. ಮೂಸಿ ನೋಡುವ ಮೊದಲೇ ಅದು ಕೊತ್ತುಂಬರಿ ಎಂದು ಗೊತ್ತಾಯಿತು. ಕೊನೆಗೆ ಕಂದು ಬಣ್ಣದ ಬೆಲ್ಲದ ಉಂಡೆಗಳು: 'ಗುಲಾ ಜಾವಾ ಅಸ್ಲಿ'. ಗುಲಾ ನಮ್ಮ ಗುಡವೇ. ಅಸ್ಲಿಯಂತೂ ಬಿಡಿ, ಅರಬ್ಬಿಯಿಂದ ಅವರಲ್ಲಿಗೂ ನಮ್ಮಲ್ಲಿಗೂ ಬಂದ ಅದೇ ಅಸಲಿ. ಡಚ್ಚರ ಊರಿನಲ್ಲಿ ನಿಂತು ಮೂರು ಪದ ಅರ್ಥವಾದ ಖುಷಿಗೆ, ಬೇಡದಿದ್ದರೂ ಎರಡು ಪೊಟ್ಟಣ ಕೊಂಡೆ.

'ನಿಜಕ್ಕೂ ಜಾವಾದ್ದೇನಾ?' ಎಂದು ಗಲ್ಲಾದಲ್ಲಿದ್ದ ಹೆಂಗಸನ್ನು ಕೇಳಿದೆ. ಆಕೆ ನಕ್ಕರು. ಜಾವಾವನ್ನು ತಾವು ನೋಡಿಯೇ ಇಲ್ಲವಂತೆ. ಸಕ್ಕರೆ ತೋಟಗಳಿಗೆ ಕೂಲಿಗಳು ಬೇಕೆಂದು ಡಚ್ಚರು 1890ರಿಂದ ಜಾವಾದ ಜನರನ್ನು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಸಾಗಿಸಿದ್ದರು. ಆಕೆಯ ಮುತ್ತಜ್ಜಿ ಹಾಗೆ ಹೋದವಳು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಇವರು ಕೂಸಾಗಿ ಇಲ್ಲಿಗೆ ಬಂದವರು. 'ಸುರಿನಾಮ್‌ನಲ್ಲಿ ಸಿಗದ್ದಕ್ಕೆ ಅಜ್ಜಿ ಬೇರೆ ಏನೋ ಹಾಕಿದಳು, ಅಲ್ಲಿಯದು ಇಲ್ಲಿ ಸಿಗದಿದ್ದಾಗ ಅಮ್ಮ ಇನ್ನೇನೋ ಹಾಕಿದಳು. ನನ್ನ ಬಾಯಿಗೆ ಅದೇ ಅಸ್ಲಿ' ಎಂದರು.

ಇಂಥ ಅಂಗಡಿಗಳು ಹುಟ್ಟಿದ್ದೇ ಊರು ಬಿಟ್ಟವರಿಂದ. ಇಂಡೋನೇಷ್ಯಾದ ಸ್ವಾತಂತ್ರ್ಯವನ್ನು ಡಚ್ಚರು ಒಪ್ಪಿದ್ದು 1949ರ ಡಿಸೆಂಬರಿನಲ್ಲಿ. ಆ ಆಸುಪಾಸಿನ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಅಲ್ಲಿಂದ ಬಂದಿಳಿದರು. ಅವರ ನಾಲಗೆಯ ಸಂಕಟಕ್ಕೆಂದು ತೆರೆದ ಬಾಗಿಲಲ್ಲಿ ನಾನು ನನ್ನ ಸಾರಿನ ಹುಳಿ ಹುಡುಕುತ್ತಿದ್ದೆ.

ಆ ದಿನಗಳಲ್ಲಿ ಮೀಮಾಂಸೆಯ ಒಂದು ತರಗತಿಗೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ 'ಪ್ರತಿನಿಧಿ'ಯ ಚರ್ಚೆ ಬರುತ್ತದೆ. ಯಜ್ಞಕ್ಕೆ ಭತ್ತ ಬೇಕು, ಸಿಗಲಿಲ್ಲ. ಆಗ ನೀವಾರ, ಅಂದರೆ ಕಾಡುಭತ್ತ ಆಗಬಹುದು, ಏಕೆಂದರೆ ಅದು ಭತ್ತವನ್ನು ಹೋಲುತ್ತದೆ. ನೀವಾರವೂ ಕೆಟ್ಟುಹೋದರೆ? ಆಗ ಹುಡುಕಬೇಕಾದ್ದು ನೀವಾರವನ್ನು ಹೋಲುವ ಕಾಳನ್ನಲ್ಲ, ಮತ್ತೆ ಭತ್ತವನ್ನು ಹೋಲುವುದನ್ನೇ. ಇನ್ನೊಂದು ಮಾತು: ಕಾಳು ಬದಲಾದರೂ ಮಂತ್ರದಲ್ಲಿ ಭತ್ತದ ಹೆಸರೇ ಉಳಿಯುತ್ತದೆ. ಕೈಯಲ್ಲಿ ನೀವಾರ, ಬಾಯಲ್ಲಿ ವ್ರೀಹಿ. ಇದು ಸುಳ್ಳಲ್ಲವೇ ಎಂದು ನನಗೆ ಅನ್ನಿಸಿತ್ತು. ಮೇಷ್ಟ್ರು ಮುಂದಿನ ಸೂತ್ರಕ್ಕೆ ಹೋದರು: ವಸ್ತುವಿಗೆ ಪ್ರತಿನಿಧಿ ಉಂಟು, ದೇವತೆಗೆ ಇಲ್ಲ, ಯಜಮಾನನಿಗೂ ಇಲ್ಲ.

ಈ ನಿಯಮ ನನಗೆ ಪ್ರಾಮಾಣಿಕ ಅನ್ನಿಸುತ್ತದೆ. ಸಿಕ್ಕಿದ್ದಕ್ಕೆ ಒಗ್ಗಿಕೊಂಡು, ಇಲ್ಲದ್ದನ್ನು ಮರೆಯುವುದಕ್ಕೆ ಅದು ಬಿಡುವುದಿಲ್ಲ. ಆದರೆ ತೋಕೊದ ಹೆಂಗಸಿಗೆ ಇದನ್ನು ಹೇಗೆ ಹೇಳುವುದು? ಬದಲಿಯ ಬದಲಿಯಲ್ಲೇ ಬೆಳೆದವರಿಗೆ ತಿರುಗಿ ನೋಡಲು ಮೂಲವೇ ಇಲ್ಲ. ಜೈಮಿನಿಯ ಲೆಕ್ಕದಲ್ಲಿ ಅವರ ಅಡುಗೆ ದಾರಿ ತಪ್ಪಿದ್ದು.

ಹಾಗೆ ನೋಡಿದರೆ ನಮ್ಮ ಊರುಗಳೇ ಬದಲಿ ಊರುಗಳು. ನಂಜನಗೂಡು ದಕ್ಷಿಣ ಕಾಶಿ. ನಮ್ಮ ಕಪಿಲೆ ಹರಿದುಹೋಗಿ ಕಾವೇರಿಯನ್ನು ಸೇರುವ ತಿ. ನರಸೀಪುರ, ನನ್ನಮ್ಮನ ತವರು, ದಕ್ಷಿಣ ಪ್ರಯಾಗ. ಅಲ್ಲಿ ಗುಪ್ತಗಾಮಿನಿ ಸರಸ್ವತಿಯ ಜಾಗಕ್ಕೆ ಸ್ಫಟಿಕ ಸರೋವರವಿದೆ, 1989ರಿಂದ ಕುಂಭಮೇಳವೂ ಇದೆ. ಕಾಶಿಗೆ ಹೋಗುವ ಕಾಸು, ಕಾಲು ಇಲ್ಲದವರಿಗೆಂದು ಯಾರೋ ಕರುಣೆಯಿಂದ ಇಟ್ಟ ಹೆಸರುಗಳು ಎಂದು ನಾನು ತಿಳಿದಿದ್ದೆ. ಆದರೆ ನರಸೀಪುರದವರು ಕರುಣೆಗೆ ಒಪ್ಪಿದವರಲ್ಲ. ಅಲ್ಲಿಯ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥವಂತೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಅದು, ಬೆಳ್ಳುಳ್ಳಿ ಎಸಳಿಗಿಂತ ಹಗುರ. ಬೆಟ್ಟದಷ್ಟು ಹೆಚ್ಚು ಎಂದಿದ್ದರೆ ಬಡಾಯಿಯಾಗುತ್ತಿತ್ತು. ಗುಲಗಂಜಿ ಎಂದದ್ದರಲ್ಲಿ ಕಾಶಿಯ ಮರ್ಯಾದೆಯೂ ಇದೆ, ತಮ್ಮ ಹಟವೂ ಇದೆ. 'ನನ್ನ ಬಾಯಿಗೆ ಅದೇ ಅಸ್ಲಿ' ಎಂದಾಗ ಆ ಹೆಂಗಸು ತಕ್ಕಡಿಗೆ ಹಾಕಿದ್ದು ಇಂಥದ್ದೇ ಒಂದು ಕಾಳನ್ನು ಎಂದು ಈಗ ಅನ್ನಿಸುತ್ತದೆ.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ಸಂಜೆ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಇರಬೇಕು. ಅಪ್ಪನಿಗೆ ರಸಬಾಳೆ. ಊಟ ಬಿಟ್ಟಾರು, ರಾತ್ರಿ ಆ ಹಣ್ಣು ಬಿಟ್ಟವರಲ್ಲ. ಮಧ್ಯಾಹ್ನ ತೋಕೊಗೆ ಹೋಗಿ ಬೆರಳುದ್ದದ ಬಾಳೆಹಣ್ಣು ತಂದೆ. ತೆಳು ಸಿಪ್ಪೆಯದೇ ಬೇಕೆಂದು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದರೆ ಆಕೆ ಏನೂ ಅನ್ನಲಿಲ್ಲ.

ಅಮ್ಮ ವಿಡಿಯೊ ಕರೆ ಮಾಡಿದಾಗ ಅಲ್ಲಿ ಕತ್ತಲಾಗಿತ್ತು. ಎಲೆಯ ಮೇಲಿದ್ದದ್ದು ಏಲಕ್ಕಿ ಬಾಳೆ. ಪನಾಮಾ ಸೊರಗು ರೋಗ ಬಡಿದ ಮೇಲೆ ರಸಬಾಳೆ ತೋಟಗಳು ಅಲ್ಲೊಂದು ಇಲ್ಲೊಂದು. ಊರಿನ ಹೆಸರು ಹೊತ್ತ ಭೌಗೋಳಿಕ ಸೂಚಿಕೆ ಇದೆ, ಹಣ್ಣು ಬೇಕೆಂದಾಗ ಇಲ್ಲ. 'ಇಡೀ ಮಾರ್ಕೆಟ್ ಸುತ್ತಿದೆ, ಸಿಕ್ಲಿಲ್ಲ ಕಣೊ' ಎಂದಳು. ಆಮೇಲೆ ಫೋಟೊದ ಕಡೆ ತಿರುಗಿ, ಮೆತ್ತಗೆ, 'ರಸಬಾಳೆ ಇಟ್ಟಿದೀನಿ, ತಗೊಳಿ' ಎಂದಳು. ತರಗತಿಯಲ್ಲಿ ಸುಳ್ಳು ಅನ್ನಿಸಿದ್ದು ಆಗ ಅನ್ನಿಸಲಿಲ್ಲ.

ಕರ್ಪೂರ ಹಚ್ಚಿದ್ದು ಚಿಕ್ಕಪ್ಪನ ಮಗ, ನನ್ನ ಬದಲಿಗೆ. ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುವುದು ನಮ್ಮ ಪದ್ಧತಿ, ಹಿರಿಯರು ಬಂದು ಉಣ್ಣಲಿ ಎಂದು. ಅಮ್ಮ ಎದ್ದಳು, ಏನೋ ನೆನಪಾದವಳಂತೆ ನಿಂತಳು, ಫೋನನ್ನು ತೆಗೆದು ಅಪ್ಪನ ಫೋಟೊದ ಎದುರಿಗಿದ್ದ ನೀರಿನ ಚೊಂಬಿಗೆ ಒರಗಿಸಿದಳು. ಬಾಗಿಲು ಎಳೆದ ಸದ್ದು ಕೇಳಿಸಿತು. ಹಣ್ಣಿನ ತಟ್ಟೆ ನನ್ನ ಮುಂದೆಯೂ ಇತ್ತು. ಏನು ಹೇಳಬೇಕೆಂದು ತೋಚದೆ ಹಾಗೇ ಕೂತಿದ್ದೆ.